ಮೊಮ್ಮಗಳ ಗುಡ್ಡದ ಸೈಕಲ್ಲು

ಬೆಳೆಯುವ ಮಕ್ಕಳಿಗೆ ಅಂಗಿಯನ್ನು ತುಸು ದೊಡ್ಡದಾಗಿಯೇ ಹೊಲಿಸುವುದು ನಮ್ಮ ಮನೆತನಗಳ ಹಳೆಯ ವಾಡಿಕೆ. ಅಂಗಿಗೆ ಒಪ್ಪುವ ಈ ಮಿತವ್ಯಯವು ಸೈಕಲ್ಲಿಗೆ ಒಪ್ಪದೆಂಬುದನ್ನು, ಒಂಬತ್ತು ವರ್ಷದ ಮೊಮ್ಮಗಳಿಗೆ ‘ಮೌಂಟನ್ ಬೈಕ್’ ಎಂಬ ಗುಡ್ಡದ ಹಾದಿಯ ಸೈಕಲ್ಲನ್ನು ಆರಿಸುವ ಸಂದರ್ಭದಲ್ಲಿ ಮನಗಂಡೆನು.

ಈ ವಾಹನದ ಹುಟ್ಟು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1970ರ ದಶಕದಲ್ಲಿ ತಮಾಲ್ಪೈಸ್ ಬೆಟ್ಟದ ಆಸುಪಾಸಿನ ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಮಣ್ಣಿನ ಇಳಿಜಾರಿನಲ್ಲಿ ಓಡಿಸತೊಡಗಿದರು. 1977ರಲ್ಲಿ ಜೋ ಬ್ರೀಜ್ ಎಂಬವರು ಅದಕ್ಕೆಂದೇ ಹೊಸ ಚೌಕಟ್ಟನ್ನು ನಿರ್ಮಿಸಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಸ್ಪರ್ಧೆಯು ಮೊದಲ ಬಾರಿಗೆ ಸೇರಿದಾಗ ಪುರುಷರೊಡನೆ ಮಹಿಳೆಯರಿಗೂ ಅವಕಾಶವಿತ್ತು. ನಮ್ಮ ಬಾಲ್ಯದಲ್ಲಾದರೋ, ಹುಡುಗರು ದೊಡ್ಡವರ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ ಪೆಡಲು ತುಳಿಯುತ್ತಿದ್ದರು; ಅಕ್ಕತಂಗಿಯರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

ಮೊಮ್ಮಗಳು ಅಣ್ಣನ ಎತ್ತರದ ಸೈಕಲ್ಲಿನಿಂದ ಒಮ್ಮೆ ಬಿದ್ದು, ಎರಡು ತಿಂಗಳು ಅದರ ಸಮೀಪಕ್ಕೂ ಹೋಗಿರಲಿಲ್ಲ. ಆದರೂ ಮಗನ ಇಚ್ಛೆಯು 26 ಅಂಗುಲದ ಗಾಲಿಯದು; ‘ಐದಾರು ವರ್ಷ ಬಾಳತದ ಅಪ್ಪಾ’ ಎಂಬುದು ಅವನ ಲೆಕ್ಕ. ಬಾಳುವುದು ಸೈಕಲ್ಲೋ, ಮಗುವಿನ ಅಂಜಿಕೆಯೋ ಎಂದು ನಾನು ಕೇಳಿದೆನು.

ಅಂಗಡಿಯಲ್ಲಿ 20 ಅಂಗುಲದ ಗಾಲಿಯದನ್ನು ತೆಗೆಸಿದೆವು. ಹಿಂದೆ ಮುಂದೆ ಸ್ಪ್ರಿಂಗುಗಳಿದ್ದ ಥಳುಕಿನ ಸೈಕಲ್ಲೊಂದು ಪಕ್ಕದಲ್ಲಿಯೇ ಇದ್ದಿತು. ಆದರೆ 25 ಕಿಲೋ ತೂಕದ ಮಗುವಿಗೆ 15 ಕಿಲೋ ತೂಕದ ಸೈಕಲ್ಲೆಂದರೆ, ತನ್ನ ದೇಹದ ಅರ್ಧಕ್ಕಿಂತ ಮಿಗಿಲಾದ ಭಾರವನ್ನು ಏರಿಗೆ ಎಳೆದಂತೆ. ಕಲಿಯುವವರಿಗೆ ದಪ್ಪ ಟೈರುಗಳೇ ಸಣ್ಣ ಕುಲುಕಾಟವನ್ನು ನುಂಗುತ್ತವೆ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳು ಗೇರುಗಳಿದ್ದರೆ ಯಥೇಷ್ಟ. ಬ್ರೇಕಿನ ಹಿಡಿಕೆಯು ದೂರವಾಗಿದ್ದುದರಿಂದ ಮೇಸ್ತ್ರಿಯು ಚಿಕ್ಕ ಸ್ಕ್ರೂ ತಿರುಗಿಸಿ, ಅವಳ ಬೆರಳಿಗೆ ನಿಲುಕುವಂತೆ ಅದನ್ನು ಸಮೀಪಕ್ಕೆ ತಂದನು. ಅವಳು ಏರಿ ಕುಳಿತು, ‘ಅಜ್ಜಾ, ಎರಡೂ ಕಾಲು ನೆಲಕ್ಕ ಹತ್ತತಾವ!’ ಎಂದಳು. ಆ ಒಂದು ಮಾತಿಗೆ ಮಗನ ಲೆಕ್ಕವು ಸಡಿಲಾಯಿತು.

ಈಗ ಹೆಲ್ಮೆಟ್ಟು ಧರಿಸಿ, ಊರಾಚೆಯ ದಿನ್ನೆಯ ಕೆಮ್ಮಣ್ಣಿನ ಹಾದಿಯಲ್ಲಿ ಅವಳು ಸಾಗುತ್ತಾಳೆ. ಕಡಿದಾದ ಏರಿನಲ್ಲಿ ಇಳಿದು ತಳ್ಳುತ್ತಾಳೆ. ಮತ್ತೆ ತಾನೇ ಏರುತ್ತಾಳೆ. ಯಾರನ್ನೂ ಕರೆಯುವುದಿಲ್ಲ.

ಎರಡು ಮೂರು ವರ್ಷಗಳಲ್ಲಿ ಈ ಸೈಕಲ್ಲು ಅವಳಿಗೆ ಚಿಕ್ಕದಾಗುವುದು ನಿಶ್ಚಿತ. ಅದನ್ನು ನಷ್ಟವೆಂದು ನಾನು ಎಣಿಸಲಾರೆ. ಪಾಠವಾಗಲಿ, ವಾಹನವಾಗಲಿ, ಮಗುವಿನ ಇಂದಿನ ಅಳತೆಗೆ ಒದಗಿದರೆ ಮಾತ್ರ ಅದು ನಾಳೆಯ ಎತ್ತರಕ್ಕೆ ಒಯ್ಯಬಲ್ಲುದು. ಚಿಕ್ಕದಾದ ದಿನ ಅದು ಓಣಿಯ ಇನ್ನೊಬ್ಬ ಹುಡುಗಿಗೆ ಸಲ್ಲಲಿ.