ಆಪರೇಷನ್‌ಗೆ ಮುಂಚಿನ ಐದು ತಿಂಗಳು

ಹೃದಯದ ಶಸ್ತ್ರಚಿಕಿತ್ಸೆ ಎಂದರೆ ನಮ್ಮ ಜನರ ಕಣ್ಣ ಮುಂದೆ ಬರುವುದು ಆ ಒಂದು ದಿನ ಮಾತ್ರ. ಮುಚ್ಚಿದ ಬಾಗಿಲು, ಹೊರಗೆ ದಿಕ್ರ್ ಹೇಳುತ್ತಾ ಕುಳಿತ ಹೆಂಗಸರು, ಕೊನೆಗೆ ಹೊರಬಂದು ಎಲ್ಲ ಸರಿಯಾಯಿತೆನ್ನುವ ಡಾಕ್ಟರ್. ನನ್ನ ಪತಿಯ ಹೃದಯದ ಕವಾಟ ಬದಲಿಸಿದ ಆ ದಿನದ ಬಗ್ಗೆ ನನ್ನನ್ನು ಕೇಳದವರಿಲ್ಲ. ಅದಕ್ಕೆ ಮುಂಚಿನ ಐದು ತಿಂಗಳ ಬಗ್ಗೆ ಯಾರೂ ಕೇಳಿಲ್ಲ. ಇವರು ಈಗ ಆರೋಗ್ಯವಾಗಿದ್ದಾರೆ, ಅಂಗಡಿಯಲ್ಲಿ ಕೂರುತ್ತಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನಡುವಿನದನ್ನು ಬಿಟ್ಟು ಕೊನೆಯ ಸಾಲಿಗೆ ಹಾರುತ್ತೀರಿ. ನನಗೆ ಹೇಳಬೇಕೆಂದಿರುವುದು ಆ ನಡುವಿನ ದಿನಗಳ ಬಗ್ಗೆಯೇ.

ರೋಗ ಹಳೆಯದು. ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಇವರಿಗೆ ಗಂಟಲು ನೋವು ಬಂದು ಹೋಯಿತಂತೆ. ಎರಡು ಮೂರು ವಾರ ಕಳೆದು ಜ್ವರ ಬಂತು, ಮೊಣಕಾಲು ಊದಿತು. ಅದು ಇಳಿಯುವಾಗ ಮಣಿಕಟ್ಟು ಊದಿತು. ವಾತವೆಂದು ಅತ್ತೆ ಎಣ್ಣೆ ತಿಕ್ಕಿದರು. ಅದು ರುಮ್ಯಾಟಿಕ್ ಜ್ವರ. ಗಂಟಲಿನ ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ಶಕ್ತಿ ದಾರಿ ತಪ್ಪಿ ಸ್ವಂತ ಹೃದಯದ ಕವಾಟಗಳ ಮೇಲೆಯೇ ಎರಗುತ್ತದೆ. ಕೀಲುನೋವು ಗುರುತಿಲ್ಲದಂತೆ ಮಾಯವಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಸಕಾಲದಲ್ಲಿ ಗೊತ್ತಾದರೆ ಮೂರು ಅಥವಾ ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು ಜ್ವರ ಮರುಕಳಿಸದಂತೆ ತಡೆಯಬಹುದು. ಇವರದ್ದು ಗೊತ್ತಾದದ್ದು ಮದುವೆಯಾದ ಮರುವರ್ಷ, 2004ರಲ್ಲಿ. ಅಕ್ಕಿ ಮೂಟೆ ಇಳಿಸುವಾಗ ಉಸಿರು ಕಟ್ಟಿತು. ಆಗ ತೊಡೆಯ ರಕ್ತನಾಳದಿಂದ ಕೊಳವೆ ಏರಿಸಿ, ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಅಗಲಿಸಿದರು. ಅದು 18 ವರ್ಷ ನಡೆಯಿತು. 2022ರ ಡಿಸೆಂಬರ್‌ನಲ್ಲಿ ಎಕೋ ಮಾಡಿದ ಡಾಕ್ಟರ್, ಕವಾಟ ಮತ್ತೆ ಕಿರಿದಾಗಿದೆ, ಸುಣ್ಣಗಟ್ಟಿದೆ, ಜೊತೆಗೆ ಸೋರುತ್ತಲೂ ಇದೆ, ಇನ್ನು ಬಲೂನು ಸಾಲದು, ಬದಲಿಸಲೇಬೇಕು ಎಂದರು.

ಅಲ್ಲಿಂದ ನಮ್ಮ ಕಾಯುವಿಕೆ ಆರಂಭವಾಯಿತು. ಮೊದಲು ಹಲ್ಲು. ಹೃದಯಕ್ಕೂ ಹಲ್ಲಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಹುಳುಕು ಹಲ್ಲಿನ ರೋಗಾಣು ರಕ್ತಕ್ಕೆ ಸೇರಿ ಹೊಸ ಕವಾಟದಲ್ಲಿ ಬೀಡುಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಎರಡು ಹಲ್ಲು ಕೀಳಿಸಿ ಗಾಯ ಮಾಯಬೇಕಾಯಿತು. ಆಮೇಲೆ ಕಾಗದಪತ್ರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಪಡಿತರ ಚೀಟಿಯಲ್ಲಿ ಇವರು 'ಮಹಮ್ಮದ್', ಆಧಾರ್‌ನಲ್ಲಿ 'ಮೊಹಮ್ಮದ್'. ನಮ್ಮ ಸಮುದಾಯದಲ್ಲಿ ಈ ಒಂದು ಹೆಸರು ಎಷ್ಟು ಬಗೆಯ ಕಾಗುಣಿತದಲ್ಲಿ ಎಷ್ಟು ಕಚೇರಿಗಳನ್ನು ಸುತ್ತಿದೆಯೋ! ಅದು ಸರಿಯಾಗುವಾಗ ಫೆಬ್ರವರಿ ಮುಗಿದಿತ್ತು. ಅನಂತರ ಕೊಟ್ಟ ದಿನಾಂಕವೂ ಎರಡು ಬಾರಿ ಮುಂದೆ ಹೋಯಿತು, ಒಮ್ಮೆ ತುರ್ತು ರೋಗಿಗಳು ಬಂದದ್ದರಿಂದ, ಒಮ್ಮೆ ಇವರಿಗೆ ಶೀತಜ್ವರ ಬಂದದ್ದರಿಂದ.

ಡಾಕ್ಟರ್ ಪ್ರತಿ ಸಲವೂ ಕೇಳುತ್ತಿದ್ದ ಮೊದಲ ಪ್ರಶ್ನೆ, "ರಾತ್ರಿ ಎಷ್ಟು ದಿಂಬು?" ಎಂದು. ಮೊದಲ ಬಾರಿ ನನಗೆ ಅರ್ಥವಾಗಲಿಲ್ಲ. ಕವಾಟ ಕೆಟ್ಟಾಗ ರಕ್ತ ಹಿಂದೆ ನಿಂತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ. ಆದ್ದರಿಂದ ರೋಗಿ ಎಷ್ಟು ದಿಂಬು ಇಟ್ಟು ಮಲಗುತ್ತಾನೆ ಎಂಬುದೇ ಒಂದು ಅಳತೆ. ಡಿಸೆಂಬರ್‌ನಲ್ಲಿ ಎರಡು ಇತ್ತು. ಮಾರ್ಚ್‌ನಲ್ಲಿ ಮೂರಾಯಿತು. ಮೂರನೆಯದನ್ನು ಇವರು ನನ್ನನ್ನು ಕೇಳದೆ, ನಾನು ನಿದ್ದೆ ಹೋದೆನೆಂದುಕೊಂಡು ಮೆಲ್ಲಗೆ ಎಳೆದುಕೊಂಡರು. ನಾನು ಎಚ್ಚರವಿದ್ದೆ. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. "ಚಾಡಿ ಹೇಳಿದಿಯಾ?" ಎಂದು ನಕ್ಕರು. ಲಾಸಿಕ್ಸ್ ಮಾತ್ರೆ ಒಂದಿದ್ದದ್ದು ಎರಡಾಯಿತು.

ಆ ಮಾತ್ರೆಯ ವಿಷಯ ಹೇಳದಿದ್ದರೆ ನಮ್ಮ ಪ್ರಯಾಣಗಳ ಕಥೆ ಪೂರ್ಣವಾಗದು. ಅದು ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ಮದ್ದು. ಪುತ್ತೂರಿನಲ್ಲಿ ಅದನ್ನು ತಿಂದು ಮಂಗಳೂರಿನ ಬಸ್ ಹತ್ತಿದರೆ ಬಿ.ಸಿ.ರೋಡ್ ತಲುಪುವುದರೊಳಗೆ ಮನುಷ್ಯ ಬೆವರುತ್ತಾನೆ. ಕಂಡಕ್ಟರ್‌ನನ್ನು ಕೇಳಲು ನಾಚಿಕೆ. ಕೊನೆಗೆ ಡಾಕ್ಟರನ್ನೇ ಕೇಳಿ, ಪ್ರಯಾಣದ ದಿನ ಆಸ್ಪತ್ರೆ ತಲುಪಿದ ಮೇಲೆ ತಿನ್ನುವುದೆಂದು ಮಾಡಿಕೊಂಡೆವು. ಇಂಥವನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

ಅಡಿಗೆ ಮನೆಯಲ್ಲಿ ದೊಡ್ಡ ಯುದ್ಧ ಉಪ್ಪಿನದು. ಕರಾವಳಿಯ ನಮ್ಮ ಊಟವೆಂದರೆ ಗಂಜಿ, ಒಣಮೀನು, ಉಪ್ಪಿನಲ್ಲಿಟ್ಟ ಮಾವು, ಹಪ್ಪಳ. ಇವಿಷ್ಟೂ ಹೃದ್ರೋಗಿಗೆ ವರ್ಜ್ಯ. ಬೇರೆ ಪಾತ್ರೆಯಲ್ಲಿ ಇವರಿಗೊಬ್ಬರಿಗೇ ಸಪ್ಪೆ ಸಾರು ಮಾಡಿ ಬಡಿಸಿದರೆ, ತಟ್ಟೆ ನೋಡುವಾಗಲೇ ಇವರ ಮುಖ ಬಾಡುತ್ತಿತ್ತು. ಆದ್ದರಿಂದ ಮನೆಗೆಲ್ಲ ಒಂದೇ ಪಾತ್ರೆ ಎಂದು ತೀರ್ಮಾನಿಸಿದೆ. ಪುನರ್ಪುಳಿ, ಲಿಂಬೆ, ಕಾಳುಮೆಣಸು, ಬೆಳ್ಳುಳ್ಳಿಗಳಿಂದ ರುಚಿ ಏರಿಸಿದೆ. ಮಕ್ಕಳು ತಮಗೆ ಬೇಕಾದ ಉಪ್ಪನ್ನು ತಟ್ಟೆಗೆ ಹಾಕಿಕೊಂಡರು. ಪಕ್ಕದ ಮನೆಯ ಬಾಯಮ್ಮನಿಗೆ ಇದು ಹೇಗೋ ಗೊತ್ತಾಗಿ, ವಾರಕ್ಕೊಮ್ಮೆ ಉಪ್ಪಿಲ್ಲದ ಮೀನುಸಾರು ಕಳಿಸುತ್ತಿದ್ದರು. ಇಡೀ ಐದು ತಿಂಗಳಲ್ಲಿ "ನಿನಗೆ ನಿದ್ದೆ ಬರ್ತದಾ?" ಎಂದು ನನ್ನನ್ನು ಕೇಳಿದವರು ಅವರೊಬ್ಬರೇ. ನೀರಿಗೂ ಅಳತೆ ಇತ್ತು, ಚಹಾ ಗಂಜಿ ಎಲ್ಲ ಸೇರಿ ಒಂದೂವರೆ ಲೀಟರ್. ಬೆಳಿಗ್ಗೆ ಮೂತ್ರ ಮಾಡಿ ಬಂದ ಕೂಡಲೇ ತೂಕ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಜೀವಮಾನವಿಡೀ ಪರರಿಗೆ ತೂಗಿಕೊಟ್ಟ ವ್ಯಾಪಾರಿ ಈಗ ತಾನೇ ತಕ್ಕಡಿ ಏರಿದ್ದೇನೆ ಎನ್ನುತ್ತಿದ್ದರು ಇವರು.

ಸಂದರ್ಶಕರ ಬಗ್ಗೆ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರುವವರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಹಣ್ಣಿನ ಪೊಟ್ಟಣ ಕೆಳಗಿಟ್ಟು, "ನಮ್ಮ ಮಾವನಿಗೂ ಇದೇ ಆಗಿದ್ದು, ಟೇಬಲ್ ಮೇಲೆಯೇ ಹೋದರು" ಎಂದರೆ ಕೇಳುವವನ ಗತಿ ಏನು? ಇನ್ನು ಕೆಲವರು ನಾಟಿ ಮದ್ದಿನ ವಿಳಾಸ ತರುತ್ತಿದ್ದರು. ನಾನು ಎಲ್ಲರನ್ನೂ ಮನೆಯ ಬದಲು ಅಂಗಡಿಗೇ ಬರಹೇಳಿದೆ. ಗಿರಾಕಿಗಳ ನಡುವೆ ಸಾವಿನ ಕಥೆಗಳಿಗೆ ಬಿಡುವು ಸಿಗುವುದಿಲ್ಲ.

ಅಂಗಡಿಯನ್ನು ಆಗ ನಾನೇ ನೋಡುತ್ತಿದ್ದೆ. ಮೂಟೆ ಎತ್ತುವುದಿರಲಿ, ಮೇಲಿನ ಹಲಗೆಯ ಡಬ್ಬಿ ಇಳಿಸಿದರೂ ಇವರಿಗೆ ಏದುಸಿರು. ಗಲ್ಲಾದ ಬಳಿ ನಾನು, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇವರು. ದರ ಇವರು ಹೇಳುವುದು, ತೂಗುವುದು ನಾನು. ಹೆಂಗಸು ಅಂಗಡಿಯಲ್ಲಿ ಕೂರುವುದೇ ಎಂಬ ಮಾತು ನನ್ನ ಕಿವಿಗೂ ಬಿತ್ತು. ಹಝ್ರತ್ ಖದೀಜಾರ ವ್ಯಾಪಾರದ ಬಗ್ಗೆ ಪ್ರವಚನ ಕೇಳಿ ತಲೆದೂಗುವವರೇ ಹಾಗೆಂದರು. ಇವರು ಅವರಿಗೆ ಉತ್ತರ ಕೊಡಲಿಲ್ಲ. ಬೋರ್ಡಿನ ಕೆಳಗೆ ನನ್ನ ಮೊಬೈಲ್ ನಂಬರನ್ನೂ ಬರೆಸಿದರು.

ಒಂದು ರಾತ್ರಿ ಇವರು ಸಾಲದ ಪುಸ್ತಕ ತರಲು ಹೇಳಿದರು. ಜನರಿಂದ ಬರಬೇಕಾದದ್ದು ಅದರಲ್ಲಿ ಇತ್ತು. ತಾನು ಕೊಡಬೇಕಾದದ್ದು ಇವರ ತಲೆಯಲ್ಲಿ ಮಾತ್ರ ಇತ್ತು. "ಬರಿ" ಎಂದರು. ಬೆಲ್ಲದವರಿಗೆ ಇಷ್ಟು, ಎಣ್ಣೆಯವರಿಗೆ ಇಷ್ಟು, ತಂಗಿಯ ಮದುವೆಗೆ ಅಣ್ಣ ಕೊಟ್ಟದ್ದು ಇಷ್ಟು, ಮುಂಬಯಿಯಲ್ಲಿದ್ದಾಗ ರೂಮಿನ ಗೆಳೆಯನಿಂದ ಪಡೆದ 300 ರೂಪಾಯಿ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಇರುವುದೇ ಸಾಲವನ್ನು ಬರೆದಿಡುವ ಬಗ್ಗೆ. ಅದನ್ನು ನಾನು ಎಷ್ಟೋ ಸಲ ಓದಿದ್ದೆ. ಆದರೆ ಎದುರು ಕುಳಿತ ಗಂಡ ಉಸಿರೆಳೆಯುತ್ತಾ ಹೇಳುವಾಗ ಬರೆಯುವುದು ಬೇರೆ. ಈಗ ಯಾಕೆ ಇದೆಲ್ಲ, ಏನೂ ಆಗುವುದಿಲ್ಲ ಎಂದು ಬಾಯಿ ಮುಚ್ಚಿಸುವುದು ಸುಲಭವಿತ್ತು. ನಾನು ಬರೆದೆ. ಪುಟ ಮುಗಿದಾಗ ಇವರು ನಿರಾಳವಾಗಿ ನಿದ್ದೆ ಹೋದರು. ನಾನು ಸ್ನಾನದ ಕೋಣೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಮಾರ್ಚ್ ಕೊನೆಯಲ್ಲಿ ರಮಝಾನ್ ಬಂತು. ಮಾತ್ರೆ ತಪ್ಪಿಸುವಂತಿಲ್ಲ, ಉಪವಾಸ ಬೇಡವೇ ಬೇಡ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ಚಿಕ್ಕಂದಿನಿಂದ ಉಪವಾಸ ಬಿಟ್ಟವರಲ್ಲ ಇವರು. ಸಹ್ರಿಗೆ ನಮ್ಮೊಂದಿಗೆ ಎದ್ದು ಕೂರುತ್ತಿದ್ದರು, ಹಗಲು ಮಾತ್ರೆ ನುಂಗುವಾಗ ಮಕ್ಕಳಿಗೆ ಬೆನ್ನು ಹಾಕುತ್ತಿದ್ದರು. ಬಿಟ್ಟ ಉಪವಾಸಗಳಿಗೆ ಬದಲಾಗಿ ಬಡವರಿಗೆ ಊಟ, ಅಂದರೆ ಫಿದ್‌ಯಾ ಕೊಟ್ಟುಬಿಡಿ ಎಂದು ಸಂಬಂಧಿಕರೊಬ್ಬರು ಸಲಹೆ ಕೊಟ್ಟರು. ಇವರು ಸಿಟ್ಟಾದುದನ್ನು ಆ ಐದು ತಿಂಗಳಲ್ಲಿ ನಾನು ನೋಡಿದ್ದು ಆಗ ಮಾತ್ರ. "ಅದು ಇನ್ನು ಗುಣವಾಗುವುದೇ ಇಲ್ಲ ಎನ್ನುವವರಿಗೆ. ನಾನು ಗುಣವಾದ ಮೇಲೆ ಕಝಾ ಹಿಡೀತೇನೆ" ಎಂದರು. ಸಾಲದ ಪುಸ್ತಕದಲ್ಲಿ ಅಣ್ಣನ ಹೆಸರಿನ ಕೆಳಗೆ, ಪ್ರತಿ ಸಂಜೆ ಒಂದು ಗೀಟು. ಆ ಗೀಟು ಎಳೆಯುವಾಗ ಇವರು ಬದುಕುತ್ತಾರೆಂಬ ಧೈರ್ಯ ನನಗೂ ಬರುತ್ತಿತ್ತು.

ಕವಾಟದ ಆಯ್ಕೆಯ ಪ್ರಶ್ನೆಯೂ ಇತ್ತು. ಜೈವಿಕ ಕವಾಟಗಳನ್ನು ಹಂದಿಯ ಕವಾಟದಿಂದ, ಇಲ್ಲವೇ ದನದ ಹೃದಯದ ಹೊರಪೊರೆಯಿಂದ ಮಾಡುತ್ತಾರೆ. ವಿಷಯ ತಿಳಿದದ್ದೇ ಕುಟುಂಬದಲ್ಲಿ ಗುಸುಗುಸು ಆರಂಭವಾಯಿತು. ಖತೀಬರನ್ನು ಕೇಳಿದಾಗ, ಜೀವ ಉಳಿಸಲು ಬೇರೆ ದಾರಿ ಇಲ್ಲದಾಗ ಅದಕ್ಕೆ ಅನುಮತಿ ಇದೆ, ಡಾಕ್ಟರ್ ಹೇಳಿದಂತೆ ಮಾಡಿ ಎಂದರು. ಡಾಕ್ಟರ್ ಯೋಚಿಸಿದ್ದು ವಯಸ್ಸನ್ನು. ಜೈವಿಕ ಕವಾಟ ಸಾಮಾನ್ಯವಾಗಿ 10-15 ವರ್ಷಗಳಲ್ಲಿ ಸವೆಯುತ್ತದೆ, ಕಿರಿಯರಲ್ಲಿ ಇನ್ನೂ ಬೇಗ. 48 ವರ್ಷದ ಇವರಿಗೆ ಯಾಂತ್ರಿಕ ಕವಾಟವೇ ಸರಿ ಎಂದರು. ಅದಕ್ಕೆ ಆಯುಷ್ಯವಿಡೀ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಬೇಕು, ಆಗಾಗ ರಕ್ತ ಪರೀಕ್ಷೆ ಬೇಕು, ಬಸಳೆ, ನುಗ್ಗೆ ಸೊಪ್ಪುಗಳ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಆಗಬಾರದು. ಇವರಿಗೆ ಹಾಕಿದ್ದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಚಿತ್ರಾ ಕವಾಟ. ಮೊದಲ ಮೂರು ಮಾದರಿಗಳು ಸೋತು ನಾಲ್ಕನೆಯದು ಗೆದ್ದಿತಂತೆ. 1990ರಲ್ಲಿ ಅದನ್ನು ಮೊದಲ ರೋಗಿಗೆ ಅಳವಡಿಸಿದರು. ವಿದೇಶದ ಕವಾಟಗಳಿಗಿಂತ ಬೆಲೆ ಕಡಿಮೆ. ಮೂರು ಸಲ ನಷ್ಟ ಮಾಡಿಕೊಂಡು ನಾಲ್ಕನೇ ಸಲವೂ ಅಂಗಡಿ ತೆರೆದವರ ಮಾಲು ಎಂದರೆ ನಂಬಬಹುದು ಎಂಬುದು ಇವರ ಲೆಕ್ಕ.

ಮೇ 10ರಂದು ವಿಧಾನಸಭಾ ಚುನಾವಣೆ. ಮತಗಟ್ಟೆಯ ಮೆಟ್ಟಿಲು ಆರು. ನಡುವೆ ಒಮ್ಮೆ ನಿಂತು, ಗೋಡೆಯ ಪಟ್ಟಿ ಓದುವವರಂತೆ ನಟಿಸಿ ಉಸಿರು ತೆಗೆದುಕೊಂಡು, ಮತ ಹಾಕಿ ಬಂದರು. ಮರುವಾರ ಆಸ್ಪತ್ರೆಯಿಂದ ಕರೆ ಬಂತು. ರಕ್ತ ಕೊಡಲು ಮಗನ ಕಾಲೇಜಿನಿಂದ ಆರು ಹುಡುಗರು ಬಂದರು. ಅವರಲ್ಲಿ ಮೂವರ ಹೆಸರನ್ನು ನಾನು ಅದಕ್ಕೆ ಮುಂಚೆ ಕೇಳಿಯೂ ಇರಲಿಲ್ಲ.

ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿದೆ. ಬೆಳಿಗ್ಗೆ ಟ್ರಾಲಿಯಲ್ಲಿ ಕರೆದೊಯ್ಯುವಾಗ ಇವರು ಕೈ ಸನ್ನೆ ಮಾಡಿ ಹತ್ತಿರ ಕರೆದರು. ವಸಿಯ್ಯತ್ತಿನ ಮಾತೇನಾದರೂ ಹೇಳುತ್ತಾರೇನೋ ಎಂದು ಬಗ್ಗಿದೆ. "ಶನಿವಾರ ಬೆಲ್ಲದವರು ಬರ್ತಾರೆ. 4,200 ಕೊಡ್ಲಿಕ್ಕುಂಟು" ಎಂದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಕುಳಿತು, ನಾನು ಮೊದಲು ಮಗಳಿಗೆ ಫೋನ್ ಮಾಡಿ ಗಲ್ಲಾದಿಂದ ಆ ಹಣ ಎತ್ತಿಡಲು ಹೇಳಿದೆ.