ಹಾರ್ಡ್ ಡಿಸ್ಕ್ ಹೋದಾಗ ಹಾಡು ಎಲ್ಲಿತ್ತು?

ಕಳೆದ ಮಳೆಗಾಲದಲ್ಲಿ ನಮ್ಮ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಕೆಟ್ಟಿತು. 2 ವರ್ಷ ಮಂಡ್ಯ ಸೀಮೆಯ ಊರೂರು ಸುತ್ತಿ ರೆಕಾರ್ಡ್ ಮಾಡಿದ್ದ ಸೋಬಾನೆ ಪದಗಳೆಲ್ಲ ಅದರೊಳಗಿದ್ದವು. ಹಾಡಿದ ಅಜ್ಜಿಯರಲ್ಲಿ ಒಬ್ಬರು ಆ ಹೊತ್ತಿಗೆ ತೀರಿಕೊಂಡಿದ್ದರು.

ಇಂಥ ಡಿಸ್ಕ್‌ನೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದನ್ನು ಓದುವ ಹೆಡ್ ತಟ್ಟೆಗೆ ತಾಗದೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಹೆಡ್ ಕೆಟ್ಟರೆ ‘ಟಕ್ ಟಕ್’ ಸದ್ದು ಬರುತ್ತದೆ. ಕೇಳಿದ ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದರೆ ತಟ್ಟೆ ಗೀಚಿ, ಉಳಿದದ್ದೂ ಹೋಗಬಹುದು. ಮುಚ್ಚಳವನ್ನಂತೂ ಬಿಚ್ಚಬೇಡಿ, ದೂಳು ಬಿದ್ದರೂ ಹಾಳೇ. ನಾವು ಹಾಗೇ ಆಫ್ ಮಾಡಿ ಬೆಂಗಳೂರಿಗೆ ಒಯ್ದೆವು. ಅಲ್ಲಿ ಕೇಳಿದಷ್ಟು ದುಡ್ಡು ನಮ್ಮಲ್ಲಿರಲಿಲ್ಲ.

ಆಮೇಲೆ ಹಾಡಿದವರ ಮನೆಗಳಿಗೇ ಹೋದೆವು. ರೆಕಾರ್ಡ್ ಮಾಡಿದಾಗ ಕೆಲವು ಹಾಡುಗಳನ್ನು ಅವರ ಮೊಮ್ಮಕ್ಕಳ ವಾಟ್ಸಾಪ್‌ಗೆ ಕಳಿಸಿದ್ದೆವು. ಅವರ ಮೊಬೈಲ್‌ಗಳಲ್ಲಿ 9 ಸಿಕ್ಕವು. ತೀರಿಕೊಂಡ ಅಜ್ಜಿಯದು ಒಂದೇ ಒಂದು, ಅದೂ ಅರ್ಧ. ಉಳಿದವರು, ‘ಪದ ಎಲ್ಲಿಗೋಯ್ತದೆ, ಕೂತ್ಕಳ್ರಪ್ಪ’ ಎಂದು ಮತ್ತೆ ಹಾಡಿದರು.

ಈಗ ಪ್ರತಿ ಹಾಡೂ ಮೂರು ಕಡೆ ಇದೆ: ಲ್ಯಾಪ್‌ಟಾಪಿನಲ್ಲಿ, ಪೆನ್‌ಡ್ರೈವಿನಲ್ಲಿ, ಹಾಡಿದವರ ಮನೆಯ ಮೊಬೈಲಿನಲ್ಲಿ. ನಿಮ್ಮ ಮದುವೆ ಫೋಟೊ, ಅಪ್ಪ ಅವ್ವನ ದನಿ ಒಂದೇ ಮೊಬೈಲಿನಲ್ಲಿದ್ದರೆ, ಇವತ್ತೇ ಮನೆಯ ಇನ್ನೊಬ್ಬರಿಗೂ ಕಳಿಸಿಡಿ.