ಮೂಕಯಂತ್ರಕ್ಕೆ ಮಾತು ಬರುವ ಬೀದಿ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬೀದಿಯ ಹೆಸರನ್ನು ಕೇಳಿದರೆ ಸಾಕು, ಅಲ್ಲಿ ನೆಲೆಸಿದ್ದ ಕಸುಬು ಯಾವುದೆಂದು ತಿಳಿದುಹೋಗುತ್ತದೆ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ—ಒಂದೊಂದು ಹೆಸರೂ ಒಂದೊಂದು ವೃತ್ತಿಯ ನಾಮಫಲಕ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನ ಈ ಪದ್ಧತಿ ಪೂರ್ತಿಯಾಗಿ ಅಳಿದಿಲ್ಲವೆಂಬುದಕ್ಕೆ ಸಾಕ್ಷಿ ಬೇಕಾದವರು, 1935ರಲ್ಲಿ ಉದ್ಘಾಟನೆಗೊಂಡ ಪುಟ್ಟಣ್ಣಚೆಟ್ಟಿ ಪುರಭವನವನ್ನು ಬಿಟ್ಟು ನಗರ್ತಪೇಟೆಯ ದಿಕ್ಕಿಗೆ ಹೆಜ್ಜೆ ಹಾಕಬೇಕು. ಸ್ವಲ್ಪ ನಡೆದರೆ ಸಾದರ ಪತ್ರಪ್ಪ ರಸ್ತೆ ಎದುರಾಗುತ್ತದೆ. ಊರಿನವರ ಬಾಯಲ್ಲಿ ಅದು ಎಸ್. ಪಿ. ರಸ್ತೆ. ಹೆಸರಿನಲ್ಲಿ ಕಸುಬಿನ ಸುಳಿವಿಲ್ಲದಿದ್ದರೇನಾಯಿತು? ಬೀದಿಯ ಅಂಗಡಿಗಳೇ ಅದನ್ನು ಸಾರಿ ಹೇಳುತ್ತವೆ.

ಇಕ್ಕೆಲಗಳಲ್ಲಿ ಒತ್ತೊತ್ತಾಗಿ ನಿಂತ ಮಳಿಗೆಗಳು. ಹೂವಾಡಗಿತ್ತಿಯ ಬುಟ್ಟಿಯಲ್ಲಿ ದಂಡೆಗಳಿರುವಂತೆ ಇಲ್ಲಿ ಸುರುಳಿ ಸುತ್ತಿದ ಬಣ್ಣಬಣ್ಣದ ತಂತಿಗಳು. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಖಾನೆಗಳು. ಖಾನೆಯೊಳಗೆ ಕಡಲೆಕಾಳಿನಷ್ಟು, ಸಾಸಿವೆಕಾಳಿನಷ್ಟು ಬಿಡಿಭಾಗಗಳು. ಕನ್ನಡ, ಉರ್ದು, ಹಿಂದಿ, ತಮಿಳು, ತೆಲುಗು—ಐದು ಭಾಷೆಗಳು ಒಂದೇ ವಾಕ್ಯದೊಳಗೆ ಹೊಂದಿಕೊಂಡು ಬಾಳುವ ಸ್ಥಳವಿದು. ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಪಳಗಿದ ಗಿರಾಕಿ ವಸ್ತುವನ್ನು ಹೆಸರು ಹೇಳಿ ಕೇಳುವುದಿಲ್ಲ. ಅದರ ಸಂಖ್ಯೆಯನ್ನು ಹೇಳುತ್ತಾನೆ. ಅಂಗಡಿಯ ಹುಡುಗ ತಲೆಯೆತ್ತದೆಯೇ ಖಾನೆಗೆ ಕೈಹಾಕುತ್ತಾನೆ.

ಈ ಗದ್ದಲದ ಮಗ್ಗುಲಿಗೆ, ಕಿರಿದಾದ ಮೆಟ್ಟಿಲುಗಳನ್ನು ಹತ್ತಿ ಹೋಗುವ ಕೋಣೆಗಳಲ್ಲಿ, ರಿಪೇರಿಯವರ ಪ್ರಪಂಚವುಂಟು. ಅಂಥ ಒಂದು ಕೋಣೆಗೆ ಶನಿವಾರದ ಮಧ್ಯಾಹ್ನ ಹಿರಿಯರೊಬ್ಬರು ಏದುಸಿರು ಬಿಡುತ್ತ ಬರುತ್ತಾರೆ. ನಿವೃತ್ತ ಗುಮಾಸ್ತರು. ಆಟೋದವನು ಹಿಂದಿನಿಂದ ಹೊತ್ತುತಂದ ಹೊರೆ ಅವರ ಮನೆಯ ಹೋಂ ಥಿಯೇಟರಿನ ಆಂಪ್ಲಿಫೈಯರು. ನಿವೃತ್ತಿಯ ವರ್ಷ ಕೈಗೆ ಬಂದ ಹಣದಲ್ಲಿ ಕೊಂಡದ್ದು. ಎದುರಿಗೆ ಮೂರು, ಹಿಂದೆ ಎರಡು ಸ್ಪೀಕರುಗಳು, ಮಂದ್ರಸ್ವರಕ್ಕೆಂದೇ ಒಂದು ಸಬ್‌ವೂಫರು. ಐದು ಚಾನೆಲ್ಲುಗಳಿಗೆ ಬೇಕಾದ ಶಕ್ತಿಯೆಲ್ಲ ಈ ಪೆಟ್ಟಿಗೆಯಿಂದಲೇ ಹೊರಡಬೇಕು. ಅದು ಮೂಕವಾಗಿದೆ. ಒಮ್ಮೆ ಒಂದು ಕಡೆ ರಿಪೇರಿಯಾಗಿ ಮನೆಗೆ ಬಂದಿತ್ತು. ಒಂಬತ್ತು ದಿನ ಹಾಡಿ ಮತ್ತೆ ಬಾಯಿ ಮುಚ್ಚಿತು. ಈ ಸಲವೂ ಆಗದಿದ್ದರೆ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.

ರಿಪೇರಿಯವನು ತಿರುಪುಳಿಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಪ್ರಶ್ನೆಗಳು. “ಪೂರ್ತಿ ಸತ್ತಿದೆಯೋ, ದೀಪ ಉರಿಯುತ್ತದೆಯೋ ಯಜಮಾನರೆ? ಆನ್ ಮಾಡಿದ ಮೇಲೆ ಒಳಗಿನಿಂದ ‘ಟಿಕ್’ ಎಂಬ ಸದ್ದು ಕೇಳುತ್ತದೆಯೆ?” ದೀಪ ಉರಿಯುತ್ತದೆ, ಸದ್ದು ಮಾತ್ರ ಕೇಳುವುದಿಲ್ಲ ಎನ್ನುತ್ತಾರೆ ಹಿರಿಯರು. ಅರ್ಧ ರೋಗ ಅಲ್ಲಿಯೇ ತಿಳಿದಂತಾಯಿತು.

ಆ ‘ಟಿಕ್’ ಎಂಬುದು ರಿಲೇ ಎಂಬ ಪುಟ್ಟ ಸ್ವಿಚ್ಚಿನ ದನಿ. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವಿನ ಬಾಗಿಲನ್ನು ಕಾಯುವ ದ್ವಾರಪಾಲಕನದು. ಆನ್ ಮಾಡಿದ ಕೂಡಲೇ ಅದು ಬಾಗಿಲು ತೆರೆಯುವುದಿಲ್ಲ. ಒಳಗೆಲ್ಲ ಕ್ಷೇಮವೆಂದು ಕೆಲವು ಕ್ಷಣ ನೋಡಿಕೊಂಡು ತೆರೆಯುತ್ತದೆ. ಸ್ಪೀಕರಿಗೆ ಹೋಗಬೇಕಾದದ್ದು ಹಿಂದೆ ಮುಂದೆ ತೂಗುವ ಸಂಗೀತದ ವಿದ್ಯುತ್ತು. ಒಳಗಿನ ಟ್ರಾನ್ಸಿಸ್ಟರ್ ಸುಟ್ಟು ಶಾರ್ಟ್ ಆದರೆ ಅದರ ಬದಲು ನಲವತ್ತು ಐವತ್ತು ವೋಲ್ಟಿನ ಡಿ. ಸಿ. ನೇರವಾಗಿ ನುಗ್ಗಿ ಸ್ಪೀಕರಿನ ಸುರುಳಿಯನ್ನು ಸುಟ್ಟುಬಿಡುತ್ತದೆ. ಅದನ್ನು ಕಂಡ ರಿಲೇ ಬಾಗಿಲು ತೆರೆಯಲು ಒಪ್ಪುವುದಿಲ್ಲ. ಹೀಗೆ ಮನೆಯವರು ಸಾವೆಂದು ಭಾವಿಸಿದ ಮೌನ ಎಷ್ಟೋ ವೇಳೆ ಕಾವಲುಗಾರನ ಎಚ್ಚರವೇ ಆಗಿರುತ್ತದೆ. ಸ್ಪೀಕರಿನ ತಂತಿಗಳನ್ನೆಲ್ಲ ಬಿಚ್ಚಿ ಆನ್ ಮಾಡಿದಾಗ ‘ಟಿಕ್’ ಎಂದರೆ ದೋಷ ತಂತಿಯಲ್ಲೋ ಸ್ಪೀಕರಿನಲ್ಲೋ ಇದೆ. ಆಗಲೂ ಎನ್ನದಿದ್ದರೆ ಪೆಟ್ಟಿಗೆಯೊಳಗಿದೆ. ಇಷ್ಟು ಪರೀಕ್ಷೆಯನ್ನು ಮುಚ್ಚಳ ತೆಗೆಯದೆ ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು.

ಮುಚ್ಚಳ ತೆಗೆಯುವುದು ಮಾತ್ರ ಬೇರೆಯ ಮಾತು. ಗೋಡೆಯ ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಪಳಗಿದವನು ರೆಸಿಸ್ಟರೊಂದನ್ನು ಹಿಡಿದು ಅದನ್ನು ಇಳಿಸಿ, ಮೀಟರಿನಲ್ಲಿ ಅಳೆದು ನೋಡಿದ ಮೇಲೆಯೇ ಬೆರಳಿಡುತ್ತಾನೆ. ಅವಸರದವನು ತಿರುಪುಳಿಯನ್ನು ಅಡ್ಡ ಹಿಡಿದು ಕಿಡಿ ಹಾರಿಸುತ್ತಾನೆ.

ಪರೀಕ್ಷೆಯ ಎರಡನೆಯ ಘಟ್ಟಕ್ಕೆ ಬೇಕಾದ ಉಪಕರಣ ಒಂದು ಹಳೆಯ ಬಲ್ಬು. ಎಲ್. ಇ. ಡಿ. ಬಂದ ಮೇಲೆ ಮನೆಗಳಿಂದ ಮರೆಯಾದ ನೂರು ವಾಟಿನ ತಂತುದೀಪ ಇಲ್ಲಿ ಇನ್ನೂ ಮರ್ಯಾದೆಯ ಸ್ಥಾನದಲ್ಲಿದೆ. ಇದೇ ಸೀರೀಸ್ ಬಲ್ಬು. 230 ವೋಲ್ಟಿನ ವಿದ್ಯುತ್ತು ಈ ದೀಪದ ಮೂಲಕ ಹಾದು ಆಂಪ್ಲಿಫೈಯರಿಗೆ ಹೋಗುವಂತೆ ಜೋಡಿಸುತ್ತಾರೆ. ಒಳಗೆ ಎಲ್ಲವೂ ಸರಿಯಿದ್ದರೆ ಕೆಪಾಸಿಟರು ತುಂಬುವಷ್ಟು ಹೊತ್ತು ದೀಪ ಬೆಳಗಿ, ಬಳಿಕ ಮಂದವಾಗುತ್ತದೆ. ಶಾರ್ಟ್ ಇದ್ದರೆ ಬೆಳಗುತ್ತಲೇ ಇರುತ್ತದೆ. ಹಾನಿಯಾಗಬೇಕಾದ ವಿದ್ಯುತ್ತು ದೀಪದಲ್ಲಿ ಬೆಳಕಾಗಿ ಕಳೆದುಹೋಗುತ್ತದೆ. ಹಿರಿಯರ ಪೆಟ್ಟಿಗೆಯನ್ನು ಜೋಡಿಸಿದಾಗ ದೀಪ ದೇದೀಪ್ಯಮಾನವಾಗಿ ಬೆಳಗಿತು. ಅವರ ಮುಖ ಮಾತ್ರ ಬಾಡಿತು.

ಇನ್ನು ಐವರಲ್ಲಿ ಅಪರಾಧಿ ಯಾರು? ಸರ್ಕ್ಯೂಟಿನ ನಕ್ಷೆ ಕೈಯಲ್ಲಿಲ್ಲ. ಆದರೆ ಹೋಂ ಥಿಯೇಟರಿನಲ್ಲಿ ಒಂದು ಅನುಕೂಲವುಂಟು: ಐದು ಚಾನೆಲ್ಲುಗಳ ಶಕ್ತಿಭಾಗ ಸಾಮಾನ್ಯವಾಗಿ ಒಂದೇ ಅಚ್ಚಿನದು. ಕೆಟ್ಟದ್ದಕ್ಕೆ ಪಕ್ಕದ ಒಳ್ಳೆಯದೇ ನಕ್ಷೆ. ರಿಪೇರಿಯವನು ಮಲ್ಟಿಮೀಟರಿನ ಎರಡು ಸೂಜಿಗಳನ್ನು ಒಂದು ಚಾನೆಲ್ಲಿನ ಟ್ರಾನ್ಸಿಸ್ಟರಿನ ಕಾಲುಗಳಿಗೆ ತಾಗಿಸುತ್ತಾನೆ: 0.5, 0.6. ಮುಂದಿನದರಲ್ಲೂ ಅಷ್ಟೇ. ಮೂರನೆಯದು, ಎದುರಿನ ಎಡ ಸ್ಪೀಕರಿನ ಚಾನೆಲ್ಲು. ಮೀಟರು ಸೊನ್ನೆ ತೋರಿಸಿ ಕೀರಲು ದನಿಯಲ್ಲಿ ಕೂಗುತ್ತದೆ. ಜೋಡಿಯ ಎರಡು ಟ್ರಾನ್ಸಿಸ್ಟರುಗಳೂ ಶಾರ್ಟ್. ಅದರ ನೆರೆಯ 0.22 ಓಮ್‌ನ ಬಿಳಿಯ ರೆಸಿಸ್ಟರು ಕಡಿದುಹೋಗಿದೆ.

“ಮೊನ್ನೆ ತಾನೇ ಹೊಸದು ಹಾಕಿಸಿದ್ದಲ್ಲವೇನಪ್ಪ?” ಎಂದು ಹಿರಿಯರು ಕೇಳುತ್ತಾರೆ. ರಿಪೇರಿಯವನು ಉತ್ತರ ಹೇಳದೆ ಅದನ್ನು ಬಿಚ್ಚಿ ಕೈಯಲ್ಲಿ ತೂಗಿನೋಡಿ, ಇಕ್ಕಳದಲ್ಲಿ ಒಡೆಯುತ್ತಾನೆ. ಮೇಲೆ ಅಚ್ಚಾಗಿರುವ ಸಂಖ್ಯೆ ಸಿ-5200. ಎ-1943 ಇದರ ಜೊತೆಗಾರ. ಜಪಾನಿನ ತೋಷಿಬಾ ಹೊರತಂದ ಈ ಜೋಡಿಯನ್ನು ಲೋಕದ ಎಷ್ಟೋ ಆಂಪ್ಲಿಫೈಯರುಗಳಲ್ಲಿ ಕಾಣಬಹುದು. ಒಂದೊಂದೂ 230 ವೋಲ್ಟನ್ನೂ 15 ಆಂಪಿಯರನ್ನೂ ತಡೆಯಬಲ್ಲದೆಂದು ಲೆಕ್ಕ. ಪ್ರಸಿದ್ಧಿಯೇ ಇದಕ್ಕೆ ಶಾಪವಾಗಿ, ಇದರ ನಕಲುಗಳಿಗೆ ಮಿತಿಯಿಲ್ಲ. ಒಡೆದ ಹೊಟ್ಟೆಯೊಳಗೆ ಅಗಲವಾಗಿ ಕೂರಬೇಕಾದ ಸಿಲಿಕಾನಿನ ಚೂರು ಅಕ್ಕಿಯ ನುಚ್ಚಿನಷ್ಟಿದೆ. ಸಣ್ಣ ದನಿಯ ಹಾಡಿಗೆ ಅದು ತಡೆಯುತ್ತದೆ. ಸಿನಿಮಾದ ಗುಡುಗಿಗೆ ತಡೆಯದು. ಅಸಲಿಗೂ ನಕಲಿಗೂ ಹೊರಗಿನಿಂದ ಅಜಗಜಾಂತರವೇನೂ ಕಾಣದು. ಬೆಲೆ ತೀರ ಅಗ್ಗವಾದರೆ ಸಂಶಯಪಡಬೇಕೆಂಬುದು ಈ ಬೀದಿಯಲ್ಲಿ ಪೆಟ್ಟು ತಿಂದವರ ಅನುಭವ.

ಇಷ್ಟಾದರೂ ಅವನಿಗೆ ಸಮಾಧಾನವಿಲ್ಲ. “ಎರಡನೆಯ ಸಲ ಸುಟ್ಟದ್ದು ನಕಲಿ, ಒಪ್ಪಿದೆ. ಮೊದಲನೆಯ ಸಲ ಕಂಪನಿಯ ಅಸಲಿ ಸುಟ್ಟಿತಲ್ಲ, ಅದೇಕೆ? ಅದಕ್ಕೆ ಮುಂಚೆ ಮನೆಯಲ್ಲಿ ಏನಾದರೂ ಕೆಲಸ ನಡೆಯಿತೆ ಯಜಮಾನರೆ?”

ಹಿರಿಯರು ನೆನಪು ಮಾಡಿಕೊಳ್ಳುತ್ತಾರೆ. ಗೋಡೆಗೆ ಬಣ್ಣ ಹೊಡೆಸಿದ್ದರು. ತಂತಿಗಳನ್ನೆಲ್ಲ ಬಿಚ್ಚಿ, ಬಳಿಕ ಮೊಮ್ಮಗ ಜೋಡಿಸಿದ. ಮನೆಗೆ ಫೋನು ಹೋಗುತ್ತದೆ. ಎರಡು ನಿಮಿಷದಲ್ಲಿ ಎಡ ಸ್ಪೀಕರಿನ ಬೆನ್ನಿನ ಚಿತ್ರ ಮೊಬೈಲಿಗೆ ಬರುತ್ತದೆ. ಕೆಂಪು ತಂತಿಯ ನಾಲ್ಕಾರು ಎಳೆಗಳು ಬಿಗಿಯೊಳಗೆ ಸೇರದೆ, ಎಣ್ಣೆ ಕಾಣದ ತಲೆಗೂದಲಿನಂತೆ ಹೊರಚಾಚಿ, ಕಪ್ಪು ತಂತಿಯ ಕಡೆಗೆ ಬಾಗಿವೆ. ದನಿ ಜೋರಾಗಿ ಪೆಟ್ಟಿಗೆ ನಡುಗಿದಾಗ ಎರಡೂ ಮುಟ್ಟಿರಬೇಕು. ದ್ವಾರಪಾಲಕನಾದ ರಿಲೇ ಸ್ಪೀಕರನ್ನು ಕಾಯುವುದೇ ಹೊರತು, ಹೊರಗಿನ ಶಾರ್ಟಿನಿಂದ ಟ್ರಾನ್ಸಿಸ್ಟರನ್ನು ಯಾವಾಗಲೂ ಕಾಯಲಾರದು. “ಸುಟ್ಟದ್ದನ್ನು ಬದಲಿಸುವುದು ಅರ್ಧ ಕೆಲಸ ಸ್ವಾಮಿ, ಸುಟ್ಟದ್ದೇಕೆಂದು ಕಂಡುಹಿಡಿಯುವುದು ಉಳಿದರ್ಧ” ಎನ್ನುತ್ತಾನೆ ರಿಪೇರಿಯವನು. ಹಿಂದಿನ ರಿಪೇರಿ ಒಂಬತ್ತೇ ದಿನ ಬಾಳಿದ್ದು ಆ ಉಳಿದರ್ಧ ನಡೆಯದೆ ಹೋದದ್ದರಿಂದ.

ಅವನ ಬಳಿಗೆ ಬರುವ ರೋಗಗಳೆಲ್ಲ ಇಷ್ಟು ಉಗ್ರವಲ್ಲ. ಕಛೇರಿಯೇ ಇಲ್ಲದ ತಂಬೂರಿಯಂತೆ ಸದಾ ‘ಗುಂಯ್’ ಎನ್ನುವವು ಹಲವು. ಟಿ. ವಿ. ಕಡೆಯಿಂದ ಬರುವ ತಂತಿಯನ್ನು ಕಿತ್ತೊಡನೆ ಆ ಶ್ರುತಿ ನಿಂತರೆ ದೋಷ ಅರ್ತಿನ ಜೋಡಣೆಯಲ್ಲಿ. ನಿಲ್ಲದಿದ್ದರೆ ಒಳಗಿನ ಕೆಪಾಸಿಟರು ಒಣಗಿದೆಯೇ ಎಂದು ನೋಡಬೇಕು. ಕೆಪಾಸಿಟರಿನ ಶತ್ರು ಶಾಖ. ಹತ್ತು ಡಿಗ್ರಿ ಹೆಚ್ಚಿದರೆ ಆಯುಸ್ಸು ಸುಮಾರಾಗಿ ಅರ್ಧವಾಗುತ್ತದೆಂದು ಹೇಳುತ್ತಾರೆ. ಆದರೂ ಎಷ್ಟೋ ಮನೆಗಳಲ್ಲಿ ಆಂಪ್ಲಿಫೈಯರನ್ನು ಗಾಜಿನ ಕಪಾಟಿನೊಳಗೆ ಕೂರಿಸಿ, ಗಾಳಿಯ ಕಂಡಿಗಳ ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಅದರ ಮೇಲೊಂದು ಹೂದಾನಿಯನ್ನೂ ಇಡುತ್ತಾರೆ! ಯಂತ್ರಕ್ಕೆ ಅಲಂಕಾರಕ್ಕಿಂತ ಉಸಿರು ಮುಖ್ಯ.

ಕೈಚೆಲ್ಲಬೇಕಾದ ರೋಗಗಳೂ ಇವೆ. ಶಬ್ದವನ್ನು ಬಿಡಿಸಿ ಐದು ದಿಕ್ಕಿಗೆ ಹಂಚುವ ಡಿಜಿಟಲ್ ಚಿಪ್ಪು ಕೆಟ್ಟರೆ, ಬದಲಿ ಸಿಕ್ಕುವುದೇ ಕಷ್ಟ. ಆಗ “ಇದಕ್ಕೆ ದುಡ್ಡು ಹಾಕಬೇಡಿ” ಎಂದು ಮೊದಲೇ ಹೇಳುವವನು ಪ್ರಾಮಾಣಿಕ. 2022ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ಪೆಟ್ಟಿಗೆಗಳನ್ನು ನೋಂದಾಯಿತ ಮರುಬಳಕೆದಾರರಿಗೆ ಮುಟ್ಟಿಸಬೇಕೆನ್ನುತ್ತವೆ. ಆದರೆ ಶಕ್ತಿಭಾಗ ಮಾತ್ರ ಕೆಟ್ಟ ಯಂತ್ರವನ್ನು ಎಸೆಯುವುದು, ಚಕ್ರ ಮುರಿಯಿತೆಂದು ಗಾಡಿಯನ್ನೇ ಸೌದೆ ಮಾಡಿದಂತೆ.

ಹೊತ್ತು ಇಳಿಯುತ್ತದೆ. ಕೆಳಗಿನ ಅಂಗಡಿಯಿಂದ ಅಸಲಿ ಜೋಡಿ ಬಂದಿದೆ. ಅದನ್ನು ನಡೆಸುವ ಚಿಕ್ಕ ಟ್ರಾನ್ಸಿಸ್ಟರುಗಳೂ ಬಿಳಿಯ ರೆಸಿಸ್ಟರುಗಳೂ ಹೊಸವು. ಬೆನ್ನಿಗೆ ಅಭ್ರಕದ ತಗಡಿಟ್ಟು, ಬಿಳಿಯ ಪೇಸ್ಟು ಸವರಿ, ಹೀಟ್ ಸಿಂಕಿಗೆ ತಿರುಪು ಬಿಗಿದದ್ದಾಯಿತು. ಸೀರೀಸ್ ಬಲ್ಬಿನ ಸ್ವಿಚ್ಚು ಒತ್ತುತ್ತಾನೆ. ದೀಪ ಒಮ್ಮೆ ಬೆಳಗಿ ಕೆಂಪಗಾಗಿ ಕುಗ್ಗುತ್ತದೆ. ಹಿರಿಯರು ಕುರ್ಚಿಯ ಅಂಚಿಗೆ ಬಂದಿದ್ದಾರೆ. ಒಂದು, ಎರಡು, ಮೂರು... ‘ಟಿಕ್’.

ಅವನು ಇನ್ನೂ ನಂಬುವುದಿಲ್ಲ. ಮೀಟರಿನಲ್ಲಿ ಹೊರದ್ವಾರದ ಡಿ. ಸಿ. ಅಳೆಯುತ್ತಾನೆ, ಸೊನ್ನೆಗೆ ಸಮೀಪ. ಬಲ್ಬನ್ನು ತೆಗೆದು ನೇರವಾಗಿ ವಿದ್ಯುತ್ತು ಕೊಟ್ಟು, ಪೆಟ್ಟಿಗೆ ಬೆಚ್ಚಗಾಗುವವರೆಗೆ ಕಾದು, ಬಯಾಸನ್ನು ತಿದ್ದುತ್ತಾನೆ. ಮೊದಲು ಹೋದರೂ ಚಿಂತೆಯಿಲ್ಲದ ಹಳೆಯ ಸ್ಪೀಕರೊಂದನ್ನು ಜೋಡಿಸುತ್ತಾನೆ. ಸಣ್ಣ ದನಿಯಲ್ಲಿ ಒಂದು ನಾಗಸ್ವರ ಹೊರಡುತ್ತದೆ.

ಹಣದ ಜೊತೆಗೆ ಹಿರಿಯರ ಕೈಗೆ ಒಂದು ಕೆಲಸವೂ ಬರುತ್ತದೆ: ಎಳೆಗಳನ್ನೆಲ್ಲ ಬಿಗಿಯಾಗಿ ಹುರಿಮಾಡಿದ ಒಂದು ಗೇಣು ತಂತಿ. ಮೊಮ್ಮಗನಿಗೆ ತೋರಿಸಲು ಮಾದರಿ. ಅವರು ಅದನ್ನು ಮಡಿಸದೆ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿಯುತ್ತಾರೆ.